ಬಿಲ್ ಬಾರದ ಫೈಲುಗಳನ್ನು ಮೊದಲು ತೆಗೆಯಿರಿ

ಕೆಲಸವಿಲ್ಲದೆ ಸರ್ಕಾರದ ಭತ್ಯೆ ಪಡೆಯುವವರಿಗೆ ಕೆಲಸ ಕೊಡಿಸುವ ಖಾಸಗಿ ಗುತ್ತಿಗೆದಾರರ ಬಿಲ್ ನೋಡುವ ಕೆಲಸ ನನ್ನದಾಗಿತ್ತು. ಒಂಬತ್ತು ವರ್ಷ ಮಾಡಿದೆ. ಆ ಕುರ್ಚಿಗೆ ಹೊಸದಾಗಿ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕರಾರಿನಲ್ಲಿ ಹಣ ಯಾವಾಗ ಕೊಡಬೇಕು ಅಂತ ಇರುವ ಪುಟ ಓದಿ. ಎರಡು ಸಲ ಓದಿ. ಗುತ್ತಿಗೆದಾರ ಏನು ಮಾಡುತ್ತಾನೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಹೆಸರು ಬರೆದುಕೊಂಡಿದ್ದಕ್ಕೇ ಜಾಸ್ತಿ ದುಡ್ಡು ಇದ್ದರೆ ಪಟ್ಟಿ ಬೆಳೆಯುತ್ತದೆ, ಅಷ್ಟೇ. ಕೆಲಸಕ್ಕೆ ಸೇರಿದ ದಿನವೇ ಪೂರ್ತಿ ಹಣ ಅಂದರೆ ಅದೇ ಜನ ಮೂರು ವಾರಕ್ಕೆ ವಾಪಸ್ ಬಂದು ನಿಲ್ಲುತ್ತಾರೆ. ಬ್ರಿಟನ್ನಿನಲ್ಲಿ 2011ರಲ್ಲಿ ಶುರುವಾದ, ಇಂಥದ್ದೇ ಕೆಲಸ ಕೊಡಿಸುವ ಯೋಜನೆಯಾದ ವರ್ಕ್ ಪ್ರೋಗ್ರಾಮ್‌ನಲ್ಲಿ ಗುತ್ತಿಗೆದಾರನಿಗೆ ದೊಡ್ಡ ಮೊತ್ತ ಕೈಗೆ ಬರುತ್ತಿದ್ದುದು, ಭತ್ಯೆದಾರರ ಗುಂಪಿಗೆ ತಕ್ಕಂತೆ, 13 ಅಥವಾ 26 ವಾರ ಕೆಲಸ ಮಾಡಿದ ಮೇಲೆ. ಹೆಸರು ಸೇರಿಸಿಕೊಂಡಿದ್ದಕ್ಕೆ ಕೊಡುವ ಹಣವನ್ನು ವರ್ಷ ವರ್ಷ ಇಳಿಸಿ ಕೊನೆಗೆ ನಿಲ್ಲಿಸಿದರು. ಕೆಲಸ ಸಿಗುವುದು ಕಷ್ಟ ಅನ್ನುವವರಿಗೆ ಜಾಸ್ತಿ ದರವನ್ನೂ ಇಟ್ಟಿದ್ದರು. ಆದರೂ ಸುಲಭದವರನ್ನು ಆರಿಸಿಕೊಂಡು ಉಳಿದವರನ್ನು ಮೂಲೆಗೆ ಕೂರಿಸುವುದು ನಿಲ್ಲಲಿಲ್ಲ.

ಅದಕ್ಕೇ ಬಿಲ್ ಬಂದ ಫೈಲುಗಳನ್ನಷ್ಟೇ ನೋಡಬೇಡಿ. ಆರು ತಿಂಗಳಾದರೂ ಕೆಲಸ ಸಿಗದೆ, ಬಿಲ್ ಬಾರದೆ ಉಳಿದವರ ಪಟ್ಟಿ ಕೇಳಿ. ಅದರಲ್ಲಿ ಇಪ್ಪತ್ತು ಹೆಸರನ್ನು ನೀವೇ ಆರಿಸಿ, ಗುತ್ತಿಗೆದಾರನಿಗೆ ಬಿಡಬೇಡಿ. ಫೋನ್ ನಂಬರನ್ನು ಭತ್ಯೆ ಕಚೇರಿಯಿಂದ ತರಿಸಿ.

ಹೀಗೆ ತೆಗೆದ ಒಂದು ಫೈಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಐವತ್ತು ದಾಟಿದ ಹೆಂಗಸು, ಮಂಡಿ ನೋವು. ಎಂಟು ತಿಂಗಳಲ್ಲಿ ಹತ್ತು ಭೇಟಿ ಅಂತ ಬರೆದಿತ್ತು. ಹತ್ತೂ ಸಹಿ ಒಂದೇ ನೀಲಿ ಪೆನ್ನಿನದು. ಕೊನೆಕೊನೆಗೆ ಶಾಯಿ ತೆಳುವಾಗುತ್ತಾ ಹೋಗಿತ್ತು. ಎರಡು ಭೇಟಿ ಕಚೇರಿ ಬಾಗಿಲೇ ತೆರೆಯದ ಭಾನುವಾರದ್ದು. ಫೋನ್ ಮಾಡಿದೆ. "ಒಂದೇ ಸಲ ಹೋಗಿದ್ದು ಮೇಡಂ. ಎಲ್ಲಾ ಹಾಳೆಗೂ ಸೈನ್ ಹಾಕಿಸ್ಕೊಂಡ್ರು. ಆಮೇಲೆ ಯಾರೂ ಕರೀಲೇ ಇಲ್ಲ" ಅಂದರು. ದೂರು ಕೊಡಬಹುದು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಬಿಲ್ ಬಂದ ಫೈಲುಗಳಲ್ಲಿ ನೋಡಬೇಕಾದ್ದು ಕಡಿಮೆ. ಸಂಬಳದ ಚೀಟಿ ಇದೆಯಾ, ಆ ಹಣ ಬ್ಯಾಂಕಿಗೆ ಬಿದ್ದಿದೆಯಾ, ಕೆಲಸ ಕೊಟ್ಟವನ ವಿಳಾಸವೂ ಗುತ್ತಿಗೆದಾರನ ವಿಳಾಸವೂ ಒಂದೇನಾ. ಉಪಗುತ್ತಿಗೆ ಇದ್ದರೆ ಅವರ ಕಚೇರಿಗೆ ಹೇಳದೆ ಹೋಗಿ ಬನ್ನಿ.

ಇನ್ನೊಂದು ಮಾತು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. "ಭೇಟಿಗೆ ಬರಲಿಲ್ಲ" ಅಂತ ಗುತ್ತಿಗೆದಾರ ಒಂದು ಸಾಲು ಬರೆದರೆ ಒಬ್ಬರ ಭತ್ಯೆಯೇ ನಿಂತುಹೋಗಬಹುದು. ಸುಮ್ನೆ ನಂಬಬೇಡಿ. ಪತ್ರ ಯಾವ ದಿನ, ಯಾವ ವಿಳಾಸಕ್ಕೆ ಹೋಯಿತು ಅಂತ ಕೇಳಿ. ಅವರು ಮನೆ ಬದಲಿಸಿದ್ದರಾ ಅಂತಲೂ ವಿಚಾರಿಸಿ. ಉತ್ತರ ಬರುವ ತನಕ ಭತ್ಯೆ ನಿಲ್ಲಿಸುವ ಕಾಗದಕ್ಕೆ ಸಹಿ ಹಾಕಬೇಡಿ.