ಕುಡಿಯುವ ನೀರಿನ ಕೊಳವೆಗೆ ಕೀಟನಾಶಕ ಸೇರಿದಾಗ: ನನ್ನ ಅನುಭವ

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಆರೋಗ್ಯ ನಿರೀಕ್ಷಕನಾಗಿರುವ ನಾನು, ಭತ್ತಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ವಾಂತಿಭೇದಿಯ ಸುದ್ದಿ ಬಂದರೆ ಮೊದಲು ರೋಗಿಯ ಕಣ್ಣು ನೋಡುತ್ತೇನೆ. ಒಂದು ಹಳ್ಳಿಯಲ್ಲಿ ಒಂದೇ ಬೀದಿಯ ಹಲವರು ಹೀಗೆ ಮಲಗಿದಾಗ ಯಾರಿಗೂ ಜ್ವರವಿರಲಿಲ್ಲ. ಬೆವರು, ಜೊಲ್ಲು ಸುರಿಯುತ್ತಿದ್ದವು, ಕಣ್ಣಿನ ಪಾಪೆಗಳು ಸಾಸಿವೆಯಷ್ಟು ಕಿರಿದಾಗಿದ್ದವು. ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರಗಳ ಕೆಲಸವನ್ನು ಹತೋಟಿಯಲ್ಲಿಡುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುವುದರಿಂದ ಹೀಗಾಗುತ್ತದೆ. ವೈದ್ಯಾಧಿಕಾರಿಗಳು ಈ ವಿಷಕ್ಕೆ ಕೊಡುವ ಮದ್ದಾದ ಅಟ್ರೋಪಿನ್ ಕೊಡಲು ತಡಮಾಡಲಿಲ್ಲ. ಉಸಿರಾಟ ಕಷ್ಟವಾದವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು. ಎಲ್ಲರೂ ಉಳಿದರು.

ನೀರಿನ ಹೊಣೆ ನನ್ನದಾಗಿತ್ತು. ವಾಟರ್‌ಮನ್‌ನಿಂದ ವಾಲ್ವ್ ಮುಚ್ಚಿಸಿ, ಮನೆಗಳಲ್ಲಿ ಹಿಡಿದಿಟ್ಟಿದ್ದ ನೀರು ದನಗಳ ಕಲಗಚ್ಚಿಗೂ ಸೇರದಂತೆ ಆಶಾ ಕಾರ್ಯಕರ್ತೆಯರ ಮೂಲಕ ಚೆಲ್ಲಿಸಿ, ಟ್ಯಾಂಕರ್ ತರಿಸಿದೆವು. "ಕಾಯಿಸಿ ಕುಡೀತೀವಿ ಬಿಡಿ ಸಾರ್" ಎಂದವರಿಗೆ, ಕಾಯಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಈ ವಿಷ ಹೋಗುವ ಭರವಸೆಯಿಲ್ಲವೆಂದು ವಿವರಿಸಬೇಕಾಯಿತು. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಲು ಹೊರಟವರನ್ನೂ ತಡೆದೆ, ಏಕೆಂದರೆ ಇದೇ ಗುಂಪಿನ ಕೀಟನಾಶಕವಾದ ಕ್ಲೋರ್‌ಪೈರಿಫಾಸ್, ಆ ಪುಡಿಯ ಕ್ಲೋರಿನ್ ಜೊತೆ ಸೇರಿದರೆ ಇನ್ನಷ್ಟು ವಿಷಕಾರಿಯಾದ ಆಕ್ಸಾನ್ ಎಂಬ ರಾಸಾಯನಿಕವಾಗಿ ಬದಲಾಗುತ್ತದೆ.

ಪಂಚಾಯಿತಿಯ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್‌ಗಳನ್ನು ತೋರಿಸುತ್ತದೆ, ಕೀಟನಾಶಕವನ್ನಲ್ಲ. ಕುಡಿಯುವ ನೀರಿನ ಗುಣಮಟ್ಟ ಹೇಳುವ ಭಾರತೀಯ ಮಾನಕ 10500ರ ಪ್ರಕಾರ ಲೀಟರ್ ನೀರಿನಲ್ಲಿ ಕ್ಲೋರ್‌ಪೈರಿಫಾಸ್ 30 ಮೈಕ್ರೋಗ್ರಾಂ, ಅದೇ ಗುಂಪಿನ ಮೊನೊಕ್ರೊಟೊಫಾಸ್ ಕೇವಲ 1 ಮೈಕ್ರೋಗ್ರಾಂ ಮೀರಬಾರದು. ಅಷ್ಟು ಸೂಕ್ಷ್ಮ ಪ್ರಮಾಣವನ್ನು ಪ್ರಯೋಗಾಲಯವೇ ಅಳೆಯಬೇಕು. ಪ್ಲಾಸ್ಟಿಕ್ ಕೀಟನಾಶಕವನ್ನು ಹೀರಿಕೊಳ್ಳಬಹುದಾದ್ದರಿಂದ ಕಂದು ಗಾಜಿನ ಬಾಟಲಿಗಳಲ್ಲಿ ನೀರು ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದೆವು.

ಉಳಿದ ಬೀದಿಗಳವರು ಆರೋಗ್ಯವಾಗಿದ್ದುದರಿಂದ ಬೋರ್‌ವೆಲ್ ಮೇಲೆ ನನಗೆ ಅನುಮಾನ ಬರಲಿಲ್ಲ. ಕೊಳವೆಯ ಜಾಡು ಹಿಡಿದು ಹೋದಾಗ, ಬೀದಿಯ ಕೊನೆಯ ನಲ್ಲಿಗೆ ಸಿಕ್ಕಿಸಿದ್ದ ಪೈಪಿನ ತುದಿ ಔಷಧಿ ಬೆರೆಸುವ ಡ್ರಮ್ಮಿನೊಳಗೆ ಮುಳುಗಿತ್ತು. ಆ ಬೀದಿಗೆ ಪಂಪಿನಿಂದ ನೇರವಾಗಿ ನೀರು ಹೋಗುತ್ತದೆ. ಕರೆಂಟ್ ಹೋಗಿ ಪಂಪು ನಿಂತು, ತಗ್ಗಿನ ಮನೆಗಳ ನಲ್ಲಿಗಳಿಂದ ನೀರು ಇಳಿಯುತ್ತಿದ್ದಾಗ, ಖಾಲಿಯಾದ ಕೊಳವೆ ಡ್ರಮ್ಮಿನ ದ್ರಾವಣವನ್ನು ಹಿಂದಕ್ಕೆ ಎಳೆದುಕೊಂಡಿತ್ತು. ಆ ರೈತನ ಮನೆಯವರೂ ಅದೇ ನೀರು ಕುಡಿದು ಮಲಗಿದ್ದರು. ಅವನನ್ನು ದೂರುವುದು ನನಗೆ ಸರಿಯೆನಿಸಲಿಲ್ಲ.

ಕೊಳವೆಯನ್ನು ಮತ್ತೆ ಮತ್ತೆ ತೊಳೆಸಿ, ಮರುಪರೀಕ್ಷೆಯ ವರದಿ ಬಂದ ಮೇಲೆಯೇ ನೀರು ಬಿಡಿಸಿದೆ. ಸಿಂಪಡಣೆಗೆಂದೇ ಗದ್ದೆ ಬದಿಯಲ್ಲಿ ಪಂಚಾಯಿತಿ ಬೇರೆ ತೊಂಬೆ ಕಟ್ಟಿಸಿತು. ಅದಕ್ಕೆ ನೀರು ಬೀಳುವ ಕೊಳವೆಯ ಬಾಯಿ ತೊಂಬೆಯ ಅಂಚಿಗಿಂತ ಒಂದು ಗೇಣು ಮೇಲಿರುವುದರಿಂದ ತೊಂಬೆಯ ನೀರನ್ನು ಕೊಳವೆ ಹಿಂದಕ್ಕೆ ಎಳೆದುಕೊಳ್ಳಲಾರದು. ಅಕ್ಕಪಕ್ಕದ ಹಳ್ಳಿಗಳಲ್ಲಿ ಇನ್ನೂ ಇದಾಗಬೇಕಿದೆ. ಅಲ್ಲಿಯವರೆಗೆ ಔಷಧಿ ಹೊಡೆಯುವ ದಿನಗಳಲ್ಲಿ ವಾಟರ್‌ಮನ್ ಜೊತೆ ನಾನೇ ಬೀದಿ ಕೊನೆಯ ನಲ್ಲಿಗಳನ್ನು ನೋಡಿಬರುತ್ತೇನೆ.