ಬೋರ್ಡು ಅದೇ, ಪ್ರೊಸೆಸರ್ ಮಾತ್ರ ಹೊಸದು

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನನ್ನ ಮನೆ. ಚಾವಡಿಯ ಪಕ್ಕದ ಕೋಣೆಯಲ್ಲೇ ಡಿಟಿಪಿ ಕೆಲಸ. ಹಗಲು ಮದುವೆ ಕಾಗದ, ಮನೆಯೊಕ್ಕಲಿನ ಕಾಗದ, ಯಕ್ಷಗಾನದ ಪೋಸ್ಟರ್. ಒಂದು ಕನ್ನಡದಲ್ಲಿ, ಇನ್ನೊಂದು ಮಲಯಾಳದಲ್ಲಿ. ರಾತ್ರಿ ಒಂಬತ್ತರ ಮೇಲೆ ಅದೇ ಕಂಪ್ಯೂಟರಿನಲ್ಲಿ ಆಟ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಆ ಕಡೆಯಿಂದ, ನಾನು ಈ ಕಡೆಯಿಂದ. ಈ ಪ್ರಾಯದಲ್ಲಿ ಇದೆಂತ ಹುಚ್ಚು ಅಂತ ಕೇಳುವವರು ಕೇಳಲಿ.

ಕಂಪ್ಯೂಟರ್ 2018ರ ಕೊನೆಗೆ ಜೋಡಿಸಿದ್ದು. ಎಎಂಡಿ ಕಂಪನಿಯ ರೈಜನ್ 5 1600 ಪ್ರೊಸೆಸರ್, ಅದು ಕೂರುವ ಬಿ450 ಬೋರ್ಡು, ಎಂಟೆಂಟು ಜಿಬಿಯ ಎರಡು ಡಿಡಿಆರ್4 ರ‍್ಯಾಮ್. 2023ರಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡ್ ತೆಗೆದು ಆರ್‌ಎಕ್ಸ್ 6600 ಹಾಕಿದೆ. ಜೊತೆಗೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲ 144 ಹರ್ಟ್ಜ್ ಮಾನಿಟರ್. ಆಮೇಲೆ ಶುರುವಾಯಿತು ನೋಡಿ ತಲೆನೋವು. ಕಾರ್ಡ್ ಹೊಸದು, ಮಾನಿಟರ್ ಹೊಸದು, ಆದರೆ ಕೌಂಟರ್-ಸ್ಟ್ರೈಕ್ 2 ಎನ್ನುವ ಗುಂಡಿನ ಕಾಳಗದ ಆಟದಲ್ಲಿ ನಾಲ್ಕು ಜನ ಒಟ್ಟಿಗೆ ಎದುರಾದ ಕೂಡಲೇ ಚಿತ್ರ ತಡವರಿಸುತ್ತಿತ್ತು. ಸಾಯುವುದು ಯಾವಾಗಲೂ ಆ ತಡವರಿಕೆಯ ಹೊತ್ತಿಗೇ.

"ಮಾವ, ನಿಮ್ಮ ಪ್ರೊಸೆಸರಿಗೆ ಪ್ರಾಯ ಆಯಿತು. ಏಳು ಸಾವಿರದ ಎಂಟುನೂರು ಎಕ್ಸ್3ಡಿ ತಗೊಳ್ಳಿ" ಅಂದ ಅಳಿಯ. ಹುಡುಗರಿಗೆ ಎಲ್ಲದಕ್ಕೂ ಅದೊಂದೇ ಮದ್ದು.

ನನಗೆ ಮೊದಲು ರೋಗ ಯಾವುದು ಅಂತ ತಿಳಿಯಬೇಕಿತ್ತು. ಎಂಎಸ್‌ಐ ಆಫ್ಟರ್‌ಬರ್ನರ್ ಎನ್ನುವ ತಂತ್ರಾಂಶ ಹಾಕಿ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುವ ಹಾಗೆ ಮಾಡಿದೆ. ಆಟ ನಡೆಯುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ 55ರಿಂದ 60 ಶೇಕಡಾ. ಕಾರ್ಡ್ ಅರ್ಧ ನಿದ್ದೆಯಲ್ಲಿತ್ತು ಅಂತ ಅರ್ಥ. ಪ್ರೊಸೆಸರಿನ ಬಳಕೆ ನೋಡಿದರೆ ಅದೂ 45 ಅಷ್ಟೇ! ಹಾಗಾದರೆ ತಪ್ಪು ಯಾರದು?

ಇಲ್ಲಿ ಬೇಕಾದಷ್ಟು ಜನ ಎಡವುತ್ತಾರೆ. ನಾನೂ ಎರಡು ದಿನ ಎಡವಿದ್ದೆ. 1600ರಲ್ಲಿ ಆರು ಕೋರ್, ಅಂದರೆ ಆರು ಕೆಲಸಗಾರರು. ಒಬ್ಬೊಬ್ಬನಿಗೆ ಎರಡೆರಡು ಕೆಲಸದ ಸಾಲು, ಒಟ್ಟು ಹನ್ನೆರಡು ಥ್ರೆಡ್. ಪರದೆಯಲ್ಲಿ ತೋರಿಸುವ 45 ಎನ್ನುವುದು ಹನ್ನೆರಡರ ಸರಾಸರಿ. ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು ಎಂಟು ಶೇಕಡಾ ಮಾತ್ರ. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ತಲೆಯ ಮೇಲೇ ಬೀಳುತ್ತದೆ. ಉಳಿದವು ಅದು ಮುಗಿಯಲಿ ಅಂತ ಕಾಯುತ್ತವೆ. ಪ್ರತಿ ಥ್ರೆಡ್ಡನ್ನು ಬೇರೆ ಬೇರೆಯಾಗಿ ತೋರಿಸುವ ಹಾಗೆ ಮಾಡಿದ ಮೇಲೆ ಗೊತ್ತಾಯಿತು, ಒಂದು 95ರ ಮೇಲೇ ನಿಂತಿತ್ತು.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಆಟದ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿದೆ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು, ಅಲ್ವಾ? ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಏರಬೇಕಿತ್ತು. ಏರಲೇ ಇಲ್ಲ. ಸರಾಸರಿ 120ರ ಹತ್ತಿರ ಇದ್ದದ್ದು ಅಲ್ಲೇ ನಿಂತಿತು. ಪ್ರೊಸೆಸರೇ ಕಾರಣ ಅಂತ ಅಲ್ಲಿಗೆ ಖಾತ್ರಿ. ಅದೇ ಸೈಬರ್‌ಪಂಕ್ 2077ರಲ್ಲಿ ಊರಿನ ಹೊರಗೆ ಓಡಾಡುವಾಗ ಕಾರ್ಡ್ 97 ಶೇಕಡಾ ದುಡಿಯುತ್ತಿತ್ತು. ಬರೀ ಅಂಥ ಆಟ ಆಡುವವನಾಗಿದ್ದರೆ ನಾನು ಪ್ರೊಸೆಸರಿಗೆ ಒಂದು ಪೈಸೆಯೂ ಹಾಕುತ್ತಿರಲಿಲ್ಲ. ಯಾವ ಭಾಗ ಯಾವುದನ್ನು ತಡೆಹಿಡಿಯುತ್ತದೆ ಅಂತ ಹೇಳಲಿಕ್ಕೆ ಇಂಟರ್‌ನೆಟ್ಟಿನಲ್ಲಿ ಬಾಟಲ್‌ನೆಕ್ ಕ್ಯಾಲ್ಕುಲೇಟರ್‌ಗಳಿವೆ. ಎರಡು ಹೆಸರು ಕೊಟ್ಟರೆ ಒಂದು ಶೇಕಡಾ ಲೆಕ್ಕ ಹೇಳುತ್ತವೆ. ಯಾವ ಆಟ, ಯಾವ ಸೆಟ್ಟಿಂಗ್ ಅಂತ ಗೊತ್ತಿಲ್ಲದೆ ಹೇಳುವ ಆ ಲೆಕ್ಕ ಗಿಣಿಶಾಸ್ತ್ರಕ್ಕಿಂತ ಮೇಲೇನಲ್ಲ.

ಸರಾಸರಿಗಿಂತ ನನಗೆ ಕಾಟ ಕೊಟ್ಟದ್ದು '1 ಪರ್ಸೆಂಟ್ ಲೋ' ಎನ್ನುವ ಅಂಕಿ. ಅತಿ ನಿಧಾನದ ಒಂದು ಶೇಕಡಾ ಫ್ರೇಮುಗಳ ಲೆಕ್ಕ ಅದು. ನನ್ನಲ್ಲಿ 50ರ ಆಸುಪಾಸು. 144 ಹರ್ಟ್ಜ್ ಮಾನಿಟರಿಗೆ ಸುಮಾರು 7 ಮಿಲಿಸೆಕೆಂಡಿಗೆ ಒಂದು ಚಿತ್ರ ಬೇಕು. ನನ್ನ ಪ್ರೊಸೆಸರ್ ಗಲಾಟೆಯ ಹೊತ್ತಿಗೆ 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಕಣ್ಣಿಗೆ ತಡವರಿಕೆ ಅಂತ ಕಂಡದ್ದು ಇದೇ.

ಇನ್ನೊಂದು ತುರ್ತೂ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅವಧಿ ಮುಗಿಯುವುದಿತ್ತು. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ನನ್ನದರಂಥ ಮೊದಲ ತಲೆಮಾರಿನ ರೈಜನ್ ಇಲ್ಲ. ಆಟ ಬಿಡಿ, ಮದುವೆ ಕಾಗದದ ಕಂಪ್ಯೂಟರಿಗಾದರೂ ಏನಾದರೂ ಮಾಡಲೇಬೇಕಿತ್ತು. ಹೆಂಡತಿಯ ಹತ್ತಿರ ನಾನು ಹೇಳಿದ್ದು ಈ ಕಾರಣ ಮಾತ್ರ.

ಅಳಿಯ ಹೇಳಿದ 7800ಎಕ್ಸ್3ಡಿ ಒಳ್ಳೆಯ ಪ್ರೊಸೆಸರೇ. ಆದರೆ ಅದು ಎಎಂ5 ಸಾಕೆಟ್ಟಿನದು, ಅಂದರೆ ಬೋರ್ಡಿನಲ್ಲಿ ಅದು ಕೂರುವ ಗೂಡೇ ಬೇರೆ. ಬೋರ್ಡು ಹೊಸದು ಬೇಕು, ರ‍್ಯಾಮ್ ಡಿಡಿಆರ್5 ಬೇಕು. ಅದಕ್ಕಿಂತ ಅಗ್ಗದ ರೈಜನ್ 5 7600 ಹಿಡಿದು ಲೆಕ್ಕ ಹಾಕಿದರೂ ಮೂರೂ ಸೇರಿ 35 ಸಾವಿರ ದಾಟಿತು. ಇಂಟೆಲ್ ಕೂಡ ನೋಡಿದೆ. ಐ5-12400ಎಫ್‌ಗೆ ನನ್ನ ಡಿಡಿಆರ್4 ರ‍್ಯಾಮೇ ನಡೆಯುವ ಬೋರ್ಡುಗಳಿವೆ, ಆದರೆ ಬೋರ್ಡು ಬೇರೆ ತೆಗೆಯಬೇಕು. 13 ಮತ್ತು 14ನೇ ತಲೆಮಾರಿನ ದೊಡ್ಡ ಇಂಟೆಲ್ ಪ್ರೊಸೆಸರುಗಳಲ್ಲಿ ವೋಲ್ಟೇಜಿನ ತೊಂದರೆ ಬಂದು, 2024ರಲ್ಲಿ ಕಂಪನಿಯೇ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದ್ದು ನೆನಪಿರಬಹುದು. 12400ಎಫ್ ಆ ಪಟ್ಟಿಯಲ್ಲಿ ಇಲ್ಲ. ಆದರೂ ಬೋರ್ಡಿನ ಖರ್ಚು ಖರ್ಚೇ.

ನನ್ನ ಕೈಯಲ್ಲಿ ಇದ್ದದ್ದು ಎಎಂ4 ಬೋರ್ಡು. 2017ರ ರೈಜನ್ ಕೂರುವ ಅದೇ ಸಾಕೆಟ್ಟಿನಲ್ಲಿ 2022ರ ರೈಜನ್ ಕೂಡ ಕೂರುತ್ತದೆ. ಇಂಥ ಸೌಕರ್ಯ ಕಂಪ್ಯೂಟರಿನ ಲೋಕದಲ್ಲಿ ಅಪರೂಪ. ಬೋರ್ಡು ಕಂಪನಿಯ ಜಾಲತಾಣದಲ್ಲಿ ನನ್ನ ಬೋರ್ಡಿನ ಹೆಸರು ಹುಡುಕಿ, ಯಾವ ಪ್ರೊಸೆಸರಿಗೆ ಯಾವ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಅಂತ ಪಟ್ಟಿ ನೋಡಿದೆ. ಹೆಸರಿನ ಜೊತೆ ರಿವಿಷನ್ ನಂಬರೂ ಮುಖ್ಯ. ಅದು ಪೆಟ್ಟಿಗೆಯಲ್ಲಿ ಸಿಗಲಿಲ್ಲ. ಟಾರ್ಚ್ ಹಿಡಿದು ಬೋರ್ಡಿನ ಮೂಲೆಯಲ್ಲೇ ಓದಿದೆ. ಕ್ಯಾಬಿನೆಟ್ಟಿನ ಒಳಗೆ ಹಲ್ಲಿಯ ಎರಡು ಮೊಟ್ಟೆಯ ಚಿಪ್ಪು ಕೂಡ ಸಿಕ್ಕಿತು, ಅದಿರಲಿ.

ಉಳಿದದ್ದು ರೈಜನ್ 5 5600 ಮತ್ತು ಎಕ್ಸ್3ಡಿ ಹೆಸರಿನ ಅಣ್ಣಂದಿರು. ಇಲ್ಲಿ ಕ್ಯಾಶೆ ಎಂದರೆ ಎಂತ ಅಂತ ಸ್ವಲ್ಪ ಹೇಳಬೇಕು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಸಾಸಿವೆ, ಮೆಣಸಿನ ಡಬ್ಬಿ ಇರುತ್ತದೆ. ಅದು ಕ್ಯಾಶೆ. ರ‍್ಯಾಮ್ ಎಂದರೆ ಅಟ್ಟ. ಒಗ್ಗರಣೆಯ ಹೊತ್ತಿಗೆ ಸಾಸಿವೆ ಒಲೆಯ ಪಕ್ಕ ಸಿಗದಿದ್ದರೆ ಅಟ್ಟ ಹತ್ತಬೇಕು, ಅಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತದೆ. ನನ್ನ 1600ರಲ್ಲಿ ಎಲ್3 ಕ್ಯಾಶೆ 16 ಎಂಬಿ. ಅದೂ ಪಾಲಾದ ಮನೆಯ ಹಾಗೆ, ಮೂರು ಕೋರಿಗೆ ಎಂಟು, ಇನ್ನು ಮೂರಕ್ಕೆ ಎಂಟು. ಆಚೆ ಅಡುಗೆಮನೆಯ ಡಬ್ಬಿ ಬೇಕಾದರೆ ಅಂಗಳ ದಾಟಬೇಕು. 5600ರಲ್ಲಿ 32 ಎಂಬಿ, ಆರೂ ಕೋರಿಗೆ ಒಂದೇ ಅಡುಗೆಮನೆ. ಎಕ್ಸ್3ಡಿಯಲ್ಲಿ ಅದರ ಮೇಲೆ ಇನ್ನೊಂದು 64 ಎಂಬಿಯ ಪದರ ಕೂರಿಸಿ 96 ಮಾಡಿದ್ದಾರೆ. ಆಟಕ್ಕೆ ಎಕ್ಸ್3ಡಿ ಅಷ್ಟು ಹೊಂದುವುದು ಇದಕ್ಕೇ. ಕೋರ್ ಎಷ್ಟು ಅಂತ ಕೇಳುವವರು ಕ್ಯಾಶೆ ಎಷ್ಟು ಅಂತ ಕೇಳುವುದೇ ಇಲ್ಲ.

ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆರ್‌ಎಕ್ಸ್ 6600 ಕಾರ್ಡಿಗೆ, 144 ಹರ್ಟ್ಜ್ ಮಾನಿಟರಿಗೆ ಎಕ್ಸ್3ಡಿ ಹಾಕಿದರೆ ಹೆಚ್ಚಿನ ಆಟಗಳಲ್ಲಿ ಮತ್ತೆ ಕಾರ್ಡೇ ಸಾಲದೆ ಬರುತ್ತದೆ. ಅದೂ ಅಲ್ಲದೆ ಅವು 105 ವಾಟಿನವು. ನನ್ನ ಅಗ್ಗದ ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಮೇಲೆ ಬಿಸಿ ಹೀರುವ ಹೀಟ್‌ಸಿಂಕ್ ಕೂಡ ಇಲ್ಲ. 5600 ಎಂದರೆ 1600ರ ಹಾಗೇ 65 ವಾಟ್. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮುಟ್ಟಬೇಕಾಗಿಲ್ಲ. ಆಗ 10 ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತಿತ್ತು.

ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋದೆ. ಮೊದಲು ಹೊಕ್ಕ ಅಂಗಡಿಯವರು 5600ಜಿ ತೆಗೆದು ಮೇಜಿನ ಮೇಲಿಟ್ಟರು. "ಇದೂ ಅದೇ ಸರ್, ಗ್ರಾಫಿಕ್ಸ್ ಕೂಡ ಉಂಟು, ಲಾಭ ನಿಮಗೇ" ಅಂದರು. ಅದೇ ಅಲ್ಲ. 5600ಜಿಯಲ್ಲಿ ಎಲ್3 ಕ್ಯಾಶೆ 16 ಎಂಬಿ, ಅರ್ಧಕ್ಕರ್ಧ ಕಡಿಮೆ. 5500 ಕೂಡ ಹಾಗೆಯೇ. ಬೇರೆ ಕಾರ್ಡ್ ಇಲ್ಲದವರಿಗೆ 5600ಜಿ ಒಳ್ಳೆಯದು, ಕಾರ್ಡ್ ಇರುವ ನನಗೆ ನಷ್ಟ. ಜಗಳಕ್ಕೆ ಹೋಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಸೀಲ್ ಇದ್ದ ಪೆಟ್ಟಿಗೆಯ 5600 ಸಿಕ್ಕಿತು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು ಸಂಜೆಯ ರೈಲಿಗೆ ಮನೆಗೆ ಬಂದೆ.

ಆಗ ಆಟಿ ತಿಂಗಳು, ಜೋರು ಮಳೆಗಾಲ. ಬಿಸಿಲು ಬಂದರೆ ಅಡಿಕೆಗೆ ಎರಡನೇ ಮದ್ದು ಬಿಡಿಸಬೇಕು, ಮಳೆ ಬಂದರೆ ಕರೆಂಟಿಲ್ಲ. ಪ್ರೊಸೆಸರ್ ಹಾಕುವ ಮೊದಲು, ಹಳೆಯದು ಅಲ್ಲೇ ಇರುವಾಗಲೇ ಬಯೋಸ್ ಹೊಸದು ಮಾಡಬೇಕು. ಇಲ್ಲದಿದ್ದರೆ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ನನ್ನ ಬೋರ್ಡಿಗೆ ಎರಡು ಹೆಜ್ಜೆ, ಮೊದಲು ನಡುವಿನ ಒಂದು ಬಯೋಸ್, ಆಮೇಲೆ ಕೊನೆಯದು. ಅದರ ಮಧ್ಯೆ ಕರೆಂಟ್ ಹೋದರೆ ಬೋರ್ಡು ಸತ್ತ ಹಾಗೆಯೇ. ಪ್ರೊಸೆಸರ್ ಕಪಾಟಿನಲ್ಲಿ ನಾಲ್ಕು ದಿನ ಕೂತಿತು.

ಮನೆಯಲ್ಲಿ ಇನ್ವರ್ಟರ್ ಇದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಒಂದು ಚಣದಲ್ಲೇ ಕಂಪ್ಯೂಟರ್ ಕೆಲವು ಸಲ ರೀಸ್ಟಾರ್ಟ್ ಆಗುವುದುಂಟು. ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಕಡಿಮೆಯಾಗುತ್ತದೆ, ಆದರೂ ನನಗೆ ಧೈರ್ಯ ಬರಲಿಲ್ಲ. ಐದನೇ ದಿನ ಉಪಾಯ ಹೊಳೆಯಿತು. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ನಾನೇ ಮೈನ್ ಆಫ್ ಮಾಡಿದೆ. ಬರುವ ಕರೆಂಟೂ ಇಲ್ಲ, ಹೋಗುವ ಕರೆಂಟೂ ಇಲ್ಲ. ಬರೀ ಬಯೋಸ್ ಪರದೆಯಲ್ಲಿ ಇರುವ ಕಂಪ್ಯೂಟರನ್ನು ಇನ್ವರ್ಟರ್ ಆರಾಮವಾಗಿ ಹೊರುತ್ತದೆ.

"ಇಡೀ ತಿಂಗಳು ಕರೆಂಟಿಲ್ಲ ಅಂತ ಗೊಣಗುವವರು, ಇದ್ದ ಕರೆಂಟನ್ನು ತೆಗೆಯುವುದು ಎಂತಕ್ಕೆ?" ಒಳಗಿನಿಂದ ಹೆಂಡತಿ ಕೇಳಿದಳು. ಮಿಕ್ಸಿಯಲ್ಲಿ ಚಟ್ನಿ ಅರ್ಧ ಆಗಿತ್ತು.

ಎಫ್‌ಎಟಿ32 ಎನ್ನುವ, ಬಯೋಸ್ ಓದಬಲ್ಲ ರೂಪಕ್ಕೆ ತಂದ ಪೆನ್‌ಡ್ರೈವಿನಲ್ಲಿ ಎರಡೂ ಫೈಲ್ ಇದ್ದವು. ಒಂದೊಂದಕ್ಕೂ ನಾಲ್ಕೈದು ನಿಮಿಷ. 60 ಶೇಕಡಾದಲ್ಲಿ ಪಟ್ಟಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಾಗ ನಾನೂ ಉಸಿರಾಡಲಿಲ್ಲ.

ಕೂಲರ್ ಬಿಚ್ಚುವುದು ಮುಂದಿನ ಕಂಟಕ. ಎಎಂ4ರಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ಅಡಿಯಲ್ಲಿ, 1,331. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಏಳು ವರ್ಷದ ಪೇಸ್ಟ್ ಗಟ್ಟಿಯಾಗಿ ಅಂಟಿರುತ್ತದೆ. ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ. ಹಾಗಾಗಿ ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲ ಆಚೆ ಈಚೆ ತಿರುಗಿಸಿದೆ. ಸ್ಕ್ರೂ ಬಿಚ್ಚುವಾಗ ಬೋರ್ಡಿನ ಹಿಂದಿನ ಪ್ಲೇಟನ್ನು ಒಂದು ಕೈಯಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಅದು ಕಳಚಿ ಬೀಳುತ್ತದೆ. ಎಲ್ಲ ಸರಿಯಾಗಿಯೇ ಮಾಡಿದೆ. ಆದರೂ ಕೊನೆಗೆ ಟಕ್ ಅಂತ ಸದ್ದಾಗಿ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಬಂತು. ಅವಸರ ನನ್ನದೇ. ಮೂಲೆಯ ಮೂರು ಪಿನ್ ಬಾಗಿದ್ದವು. ಸದ್ಯ, ಹಳೆಯದರ ಪಿನ್ನು.

ಸಾಕೆಟ್ಟಿನ ಕಡ್ಡಿ ಎತ್ತಿ, ತ್ರಿಕೋನದ ಗುರುತಿಗೆ ಗುರುತು ಹೊಂದಿಸಿದರೆ ಹೊಸದು ತನ್ನಷ್ಟಕ್ಕೆ ಇಳಿಯಿತು. ಒತ್ತಬಾರದು. ಜೊತೆಗೆ ಬಂದ ಕೂಲರ್ ಗಿಡ್ಡದು. ನನ್ನ ಹಳೆಯ ಕೂಲರ್ ಅದಕ್ಕಿಂತ ಎತ್ತರ, ಲೋಹ ಜಾಸ್ತಿ. ಬ್ರಶ್ಶಿನಲ್ಲಿ ಧೂಳು ತೆಗೆದು, ಸ್ಪಿರಿಟ್ ಹಾಕಿ ಒರೆಸಿ, ಬಟಾಣಿಯಷ್ಟು ಪೇಸ್ಟ್ ಇಟ್ಟು ಅದನ್ನೇ ಕೂರಿಸಿದೆ.

ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಒಂದು ಪ್ರಶ್ನೆ. ಹೊಸ ಪ್ರೊಸೆಸರ್ ಕಂಡಿದೆ, ಎಫ್‌ಟಿಪಿಎಂ (ಬೀಗದ ಕೀಗಳನ್ನು ಕಾಯುವ ಭಾಗ) ರೀಸೆಟ್ ಮಾಡಲು ವೈ ಒತ್ತಿ ಅಂತ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರನ್ನು ನಾನು ಹಾಕಿರಲಿಲ್ಲ, ಆದ್ದರಿಂದ ಒತ್ತಿದೆ. ಬಿಟ್‌ಲಾಕರ್ ಇರುವವರು ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಹಾರ್ಡ್ ಡಿಸ್ಕಿನಲ್ಲಿರುವುದೆಲ್ಲ ಬೀಗದೊಳಗೆ.

ಮೊದಲ ರಾತ್ರಿ ಆಡಿದಾಗ ಮನಸ್ಸು ತುಂಬಲಿಲ್ಲ. ಏರಿದೆ, ಆದರೆ ಲೆಕ್ಕ ಹಾಕಿದಷ್ಟು ಇಲ್ಲ. ಅರ್ಧ ಗಂಟೆ ಪರದಾಡಿದ ಮೇಲೆ ನೋಡಿದರೆ, ಬಯೋಸ್ ಬದಲಾದಾಗ ಎಕ್ಸ್‌ಎಂಪಿ ಎನ್ನುವ, ಪೂರ್ತಿ ವೇಗದ ಸೆಟ್ಟಿಂಗ್ ಹಾರಿಹೋಗಿ ರ‍್ಯಾಮ್ 2133ರಲ್ಲಿ ತೆವಳುತ್ತಿತ್ತು. ಅದನ್ನು 3200ಕ್ಕೆ ಹಾಕಿದೆ. ಹಳೆಯ ಪ್ರೊಸೆಸರಿನಲ್ಲಿ ಇದೇ ರ‍್ಯಾಮ್ 2933ರ ಮೇಲೆ ನಿಲ್ಲುತ್ತಿರಲಿಲ್ಲ. ಆಮೇಲೆ ಕೌಂಟರ್-ಸ್ಟ್ರೈಕಿನಲ್ಲಿ ಸರಾಸರಿ 200 ದಾಟಿತು, 1 ಪರ್ಸೆಂಟ್ ಲೋ 100ರ ಮೇಲೆ ಬಂತು. ಕಾರ್ಡ್ ನಿದ್ದೆಯಿಂದ ಎದ್ದು 90ರ ಆಚೆಗೆ ದುಡಿಯತೊಡಗಿತು. ಸೈಬರ್‌ಪಂಕ್‌ನಲ್ಲಿ ಊರಿನ ಹೊರಗೆ ಒಂದಿಷ್ಟೂ ಬದಲಾವಣೆ ಇಲ್ಲ, ಸಂತೆಯಂಥ ಗದ್ದಲದಲ್ಲಿ ಮಾತ್ರ ತಡವರಿಕೆ ನಿಂತಿತು. ಮದುವೆ ಕಾಗದದ ಫೈಲುಗಳೂ ಬೇಗ ತೆರೆಯುತ್ತವೆ. ಹೆಂಡತಿಗೆ ತೋರಿಸಿದ್ದು ಅದನ್ನೇ.

ಮುಂದಿನ ಭಾನುವಾರ ಅಳಿಯ ಬಂದಿದ್ದ. ಹಳೆಯ ಪ್ರೊಸೆಸರನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಕೊಳವೆಗೆ ಒಂದೊಂದೇ ಪಿನ್ ತೂರಿಸಿ ಮೆಲ್ಲ ಮೆಲ್ಲ ನೆಟ್ಟಗೆ ಮಾಡಿದೆವು. ಮೂರಕ್ಕೆ ಮುಕ್ಕಾಲು ಗಂಟೆ. ಹಾಸ್ಟೆಲಿನ ಗೆಳೆಯನ ಬಿ350 ಬೋರ್ಡಿಗೆ ಬೇಕು ಅಂತ ಹೊಸದರ ಖಾಲಿ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಹೋದ. ನಡೆಯುತ್ತದೆಯಂತೆ.