ದೈಹಿಕ ಶಿಕ್ಷಣ ಮತ್ತು ಕೋಚಿಂಗ್ ಓದಿದ್ದು ಹೀಗೆ

ಈ ಕೋರ್ಸಿಗೆ ಬರುವವರಲ್ಲಿ ಹೆಚ್ಚಿನವರು ಯಾವುದಾದರೂ ಒಂದು ಆಟ ಚೆನ್ನಾಗಿ ಆಡುವವರೇ. ನಾನು 400 ಮೀಟರ್ ಓಟಗಾರ. ತಿರುವಿನಲ್ಲಿ ವೇಗ ಬಿಡದೆ ಓಡುವುದು ನನಗೆ ಗೊತ್ತಿತ್ತು. ಆದರೆ ಹೇಗೆ ಓಡುತ್ತೀಯಾ ಅಂತ ಯಾರಾದರೂ ಕೇಳಿದರೆ ಬಾಯಿಗೆ ಮಾತು ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಓದು ಅಂದರೆ ನೋಡುವುದನ್ನು ಕಲಿಯುವುದು. ಎದುರಿಗೆ ಓಡುತ್ತಿರುವವನಲ್ಲಿ ಏನು ಗಮನಿಸಬೇಕು, ಆಮೇಲೆ ಅವನಿಗೆ ಎಷ್ಟು ಹೇಳಬೇಕು, ಅಷ್ಟೇ.

ಅಂಗರಚನೆಯ ಪೇಪರ್ ಕಂಡರೆ ಎಲ್ಲರಿಗೂ ಹೆದರಿಕೆ. ಸ್ನಾಯುಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಗುತ್ತದೆ. ನಾನು ಪ್ರತಿ ಸ್ನಾಯುವನ್ನೂ ಒಂದು ಚಲನೆಗೆ, ಒಂದು ಗಾಯಕ್ಕೆ ಗಂಟು ಹಾಕಿ ಓದುತ್ತಿದ್ದೆ. ಹ್ಯಾಮ್‌ಸ್ಟ್ರಿಂಗನ್ನೇ ನೋಡಿ. ತೊಡೆಯ ಹಿಂಭಾಗದ ಈ ಸ್ನಾಯುವಿನ ಬಹುಭಾಗ ಸೊಂಟದ ಕೀಲು, ಮಂಡಿ ಎರಡನ್ನೂ ದಾಟಿ ಹೋಗುತ್ತದೆ. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮೊದಲು ಆ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು. ಓಟಗಾರರಿಗೆ ಅದು ಹರಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಇಷ್ಟು ಅರ್ಥವಾದರೆ ಸ್ನಾಯು ಉದ್ದವಾಗುತ್ತಾ ಭಾರ ತಡೆಯುವ ವ್ಯಾಯಾಮ ಯಾಕೆ ಬೇಕು ಅಂತ ಬೇರೆ ಓದಬೇಕಿಲ್ಲ. ವೈವಾದಲ್ಲೂ ನಾನು ಎದ್ದು ನಿಂತು ಕಾಲು ಬೀಸಿ ತೋರಿಸಿಯೇ ಉತ್ತರ ಹೇಳುತ್ತಿದ್ದೆ.

ಶರೀರಕ್ರಿಯೆಯ ಪಾಠದಲ್ಲಿ ನಾನು ನಂಬಿದ್ದ ಎರಡು ಸಂಗತಿ ಬಿದ್ದುಹೋದವು. 400 ಮೀಟರ್ ಓಟಕ್ಕೆ ಆಮ್ಲಜನಕದ ಕೆಲಸ ಏನೂ ಇಲ್ಲ ಅಂದುಕೊಂಡಿದ್ದೆ. ನಿಜದಲ್ಲಿ ಶಕ್ತಿಯ ಸುಮಾರು ನೂರಕ್ಕೆ ನಲವತ್ತು ಪಾಲು ಅಲ್ಲಿಂದಲೇ ಬರುತ್ತದೆ. ಎರಡನೆಯದು, ಮಾರನೇ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅನ್ನುವ ಮಾತು. ಲ್ಯಾಕ್ಟೇಟ್ (ಮೈಯೊಳಗೆ ಆ ಆಸಿಡ್ ಇರುವ ರೂಪ) ಓಟ ಮುಗಿದು ಒಂದೆರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದ ನಡುವೆ, ಅದೂ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನಿಂದ. ಈಗಲೂ ಮೈದಾನದಲ್ಲಿ ಈ ಹಳೇ ಮಾತು ಕೇಳಿಬರುತ್ತದೆ, ಏನು ಮಾಡೋದು.

ನನಗೆ ತುಂಬಾ ಇಷ್ಟವಾಗಿದ್ದು, ಹಲವರು ಕೂಲಿ ಕೆಲಸ ಅಂತ ಗೊಣಗುವ ಟ್ರ್ಯಾಕ್ ಮಾರ್ಕಿಂಗ್. ಲೇನಿನ ಅಗಲ 1.22 ಮೀಟರ್. ಒಳಗಿನ ಮೊದಲ ಲೇನನ್ನು ಅಂಚುಗಟ್ಟೆಯಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಉಳಿದ ಲೇನುಗಳನ್ನು ಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು. ಹಾಗಾಗಿ ಪೂರ್ತಿ ಒಂದು ಸುತ್ತು ಲೇನಿನಲ್ಲೇ ಓಡುವ ಸ್ಪರ್ಧೆಗೆ ಎರಡನೇ ಲೇನಿನವನು 7.04 ಮೀಟರ್ ಮುಂದೆ ನಿಲ್ಲುತ್ತಾನೆ. ಮೂರನೆಯವನು ಅದರ ಎರಡರಷ್ಟಲ್ಲ, 14.70 ಮೀಟರ್ ಮುಂದೆ. ಮೊದಲ ಲೇನಿಗೂ ಉಳಿದವಕ್ಕೂ ಅಳತೆಯಲ್ಲಿರುವ ಆ 10 ಸೆಂಟಿಮೀಟರ್ ವ್ಯತ್ಯಾಸ ಒಂದು ಸಲ ಮಾತ್ರ ಕಳೆಯುತ್ತದೆ, ಅದಕ್ಕೇ ಹೀಗೆ. ನಾನು ಅಂಕಿಗಳನ್ನು ಬಾಯಿಪಾಠ ಮಾಡಲಿಲ್ಲ. ವೃತ್ತದ ಸುತ್ತಳತೆಯ ಸೂತ್ರ ಹಿಡಿದು ಟೇಪ್, ಸುಣ್ಣ ತೆಗೆದುಕೊಂಡು ಖುದ್ದಾಗಿ ಎಳೆದು ನೋಡಿದೆ. ಗುಂಡು ಎಸೆತದ ಸೆಕ್ಟರ್, ಅಂದರೆ ಗುಂಡು ಬೀಳಬೇಕಾದ ಜಾಗ, ಇನ್ನೂ ಸುಲಭ. ಕೋನ 34.92 ಡಿಗ್ರಿ ಅಂತ ಕೋನಮಾಪಕ ಹುಡುಕಬೇಕಿಲ್ಲ. ಎಸೆಯುವ ವೃತ್ತದ ನಡುವಿನಿಂದ ಸೆಕ್ಟರಿನ ಎರಡೂ ಗೆರೆಗಳ ಮೇಲೆ 10 ಮೀಟರ್ ಅಳೆದು, ಆ ಎರಡು ಬಿಂದುಗಳ ನಡುವೆ ಸರಿಯಾಗಿ 6 ಮೀಟರ್ ಬಂದರೆ ಸೆಕ್ಟರ್ ಸರಿ ಇದೆ ಅಂತ ಲೆಕ್ಕ.

ಪಾಠ ಮಾಡುವ ಅಭ್ಯಾಸ ಶುರುವಾದ ಮೇಲೆ ನಿಜವಾದ ಓದು ಶುರುವಾಯಿತು. ನಮ್ಮಲ್ಲಿ ಒಬ್ಬರು ಪಾಠ ಮಾಡಿದರೆ ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದೆವು. ಒಬ್ಬ ಹುಡುಗನನ್ನು ಆರಿಸಿಕೊಂಡು ಅವನು ಎಷ್ಟು ಹೊತ್ತು ನಿಜವಾಗಿ ಓಡಾಡಿದ, ಎಷ್ಟು ಹೊತ್ತು ಸಾಲಿನಲ್ಲಿ ನಿಂತ, ಎಷ್ಟು ಹೊತ್ತು ನಮ್ಮ ಭಾಷಣ ಕೇಳಿದ ಅಂತ ಬರೆಯಬೇಕು. ಆ ಚೀಟಿ ನೋಡಿದರೆ ನಾಚಿಕೆಯಾಗುತ್ತದೆ. ಆಮೇಲೆ ಉದ್ದ ಸಾಲು ಮುರಿದು ನಾಲ್ಕೈದು ಜನರ ಗುಂಪು ಮಾಡಿದೆ, ಚೆಂಡು ಜಾಸ್ತಿ ಕೊಟ್ಟೆ, ವಿವರಣೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದೆ. ಬೇರೆ ಮಂತ್ರ ಏನೂ ಇಲ್ಲ.

ಮಾತಿನ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಮೇಲಿನ ಅಧ್ಯಯನ. 1974-75ರ ಸೀಸನ್ನಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸದ ಅವಧಿಗಳಲ್ಲಿ ಕೂತು ಅವರ ಮಾತನ್ನೆಲ್ಲ ವಿಂಗಡಿಸಿದರು. ಬರೀ ಹೊಗಳಿಕೆ ನೂರಕ್ಕೆ ಏಳರಷ್ಟೂ ಇರಲಿಲ್ಲ. ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಉಳಿದದ್ದರಲ್ಲಿ ಹೆಚ್ಚಿನದು ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನುವ ಚಿಕ್ಕ ಚಿಕ್ಕ ಮಾತು. "ಭೇಷ್", "ಸೂಪರ್" ಅಂತ ಕೂಗುವುದನ್ನು ಬಿಡಲು ನನಗೆ ಬಹಳ ಕಾಲ ಹಿಡಿಯಿತು.

ಏನು ಹೇಳುತ್ತೀವಿ ಅನ್ನುವುದೂ ಮುಖ್ಯ. ನಿಂತಲ್ಲಿಂದ ಉದ್ದ ಜಿಗಿಯುವ ಮಗುವಿಗೆ "ಮಂಡಿ ಪೂರ್ತಿ ನೀಡು" ಅಂದರೆ ಅದು ತನ್ನ ಮಂಡಿ ನೋಡಿಕೊಳ್ಳುತ್ತದೆ. "ನೆಲವನ್ನು ಹಿಂದಕ್ಕೆ ತಳ್ಳು" ಅಥವಾ "ಆ ಗೆರೆ ದಾಟು" ಅಂದರೆ ಜಿಗಿಯುತ್ತದೆ. ಗಮನ ದೇಹದ ಹೊರಗಿದ್ದರೆ ಚಲನೆ ಚೆನ್ನಾಗಿ ಬರುತ್ತದೆ ಅನ್ನುವುದನ್ನು ಗೇಬ್ರಿಯೆಲ್ ವುಲ್ಫ್ ಮತ್ತು ಜೊತೆಗಾರರು 1998ರಿಂದ ಮತ್ತೆ ಮತ್ತೆ ತೋರಿಸಿದ್ದಾರೆ. ನನ್ನ ಲೆಸನ್ ಪ್ಲ್ಯಾನಿನ ಅಂಚಿನಲ್ಲಿ ಇಂಥ ಮಾತುಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಮೈದಾನದಲ್ಲಿ ನಿಂತಾಗ ಅವು ತಾನಾಗಿ ಹೊಳೆಯುವುದಿಲ್ಲ.

ಒಂದೇ ಹೊಡೆತವನ್ನು ಒಂದೇ ಸಮ ಮಾಡಿಸಿದರೆ ಆವತ್ತಿಗೆ ನೋಡಲು ಚೆಂದ. ಬೇರೆ ಬೇರೆ ಕೌಶಲ ಬೆರೆಸಿ ಮಾಡಿಸಿದರೆ ಆವತ್ತು ಎಡವಟ್ಟಾಗಿ ಕಾಣುತ್ತದೆ, ಆದರೆ ಕಲಿತದ್ದು ನೆನಪಲ್ಲಿ ಉಳಿಯುತ್ತದೆ. ಶಿಯಾ ಮತ್ತು ಮಾರ್ಗನ್ 1979ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ತೊಂದರೆ ಏನೆಂದರೆ ಪರೀಕ್ಷಕರು ನೋಡುವುದು ಆವತ್ತಿನ ಪಾಠವನ್ನು ಮಾತ್ರ. ಹಾಗಾಗಿ ಅಂಕಕ್ಕಾಗಿ ಅಚ್ಚುಕಟ್ಟಾದ ಡ್ರಿಲ್, ಕಲಿಕೆಗಾಗಿ ಮೂರು ಮೂರು ಜನರ ಸಣ್ಣ ಆಟ, ಎರಡನ್ನೂ ಇಟ್ಟುಕೊಂಡೆ. ಇದು ರಾಜಿ, ಗೊತ್ತು.

ತರಬೇತಿಯ ಭಾರದ ಪಾಠವನ್ನು ನನ್ನ ಮೇಲೇ ಪ್ರಯೋಗಿಸಿದೆ. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ, ಒಟ್ಟಾರೆ ಎಷ್ಟು ಕಷ್ಟವಾಯಿತು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಟ್ಟು, ಅದನ್ನು ನಿಮಿಷಗಳಿಂದ ಗುಣಿಸುವುದು. ಕಾರ್ಲ್ ಫಾಸ್ಟರ್ ಅವರ ವಿಧಾನ ಇದು. 60 ನಿಮಿಷಕ್ಕೆ 5 ಅಂದರೆ 300. ಒಂದು ನೋಟ್‌ಬುಕ್ ಸಾಕು. ವಾರದ ಮೊತ್ತ ಒಮ್ಮೆಲೇ ಏರಿದಾಗ ನಿದ್ದೆ, ಮೂಡು ಹೇಗಿತ್ತು ಅಂತ ಪಕ್ಕದಲ್ಲೇ ಬರೆದರೆ ಅಂಕಿಗೂ ಮೈಗೂ ಇರುವ ನಂಟು ಕಣ್ಣಿಗೆ ಕಾಣುತ್ತದೆ.

ಮಕ್ಕಳ ಕೋಚಿಂಗಿಗೆ ಹೋಗುವವರು ಬೆಳವಣಿಗೆಯ ಅಧ್ಯಾಯವನ್ನು ಹಾರಿಸಬೇಡಿ. ಹುಡುಗಿಯರು ಸುಮಾರು 12ನೇ ವಯಸ್ಸಿಗೆ, ಹುಡುಗರು 14ರ ಹೊತ್ತಿಗೆ ಸರ್ರನೆ ಎತ್ತರವಾಗುತ್ತಾರೆ. ಆಗ ಕೆಲವರಿಗೆ ನಿನ್ನೆವರೆಗೆ ಬರುತ್ತಿದ್ದ ಸರ್ವ್ ಇವತ್ತು ಬರುವುದಿಲ್ಲ. ಅದನ್ನು ಸೋಮಾರಿತನ ಅಂತ ಬೈದು ಆಟ ಬಿಡಿಸಿದ ಕೋಚ್‌ಗಳನ್ನು ನಾನು ನೋಡಿದ್ದೇನೆ. ತಂಡದ ಆಯ್ಕೆಯಲ್ಲೂ ಅಷ್ಟೇ, ಬೇಗ ಬೆಳೆದವನು ಪ್ರತಿಭಾವಂತನಂತೆ ಕಾಣುತ್ತಾನೆ. ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡುವುದು ಏನೂ ಕಷ್ಟವಲ್ಲ, ಅಲ್ವಾ?

ಸೇರುವ ಮೊದಲು ಏನು ವಿಚಾರಿಸಬೇಕು ಅಂತ ಹುಡುಗರು ನನ್ನನ್ನು ಕೇಳುತ್ತಾರೆ. ಜಿಮ್ ಎಷ್ಟು ದೊಡ್ಡದು ಅನ್ನುವುದನ್ನು ಕೊನೆಗೆ ಕೇಳಿ. ನಿಜವಾದ ಮಕ್ಕಳ ಎದುರು ಎಷ್ಟು ಪಾಠ ಮಾಡಲು ಬಿಡುತ್ತಾರೆ, ಆಗ ಯಾರು ಕೂತು ನೋಡುತ್ತಾರೆ, ಪಾಠ ಮುಗಿದ ಮೇಲೆ ಅವರು ಮಾತಾಡುತ್ತಾರೋ ಅಂಕ ಹಾಕಿ ಎದ್ದು ಹೋಗುತ್ತಾರೋ, ಇದನ್ನು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳ ಹತ್ತಿರವೇ ಕೇಳಿ.